ಗಣಿಯಿಂದ ಬಂದದ್ದು

ಲಿಮಾದ ವಿಲ್ಸನ್ ಬೀದಿ, ಮೂರನೇ ಮಹಡಿ.
ಗಾಜಿನ ಮೇಲೆ ನನ್ನ ಚಿಲ್ಲರೆ:
ನಾನೂರ ಹದಿನೆಂಟು ಸೋಲ್,
ವ್ಯಾನಿನ ಬಾಗಿಲಿಗೆ ಜೋತು
ನಿಲ್ದಾಣಗಳ ಹೆಸರು ಕೂಗಿ ಗಂಟಲು ಕಟ್ಟಿಸಿಕೊಂಡದ್ದು.

ಹೊಸ ಕಾರ್ಡು ಕೈಗೆಟುಕದು.
ರ‍್ಯಾಮ್ ಮುಂದಿನ ತಿಂಗಳು. ಪವರ್ ಸಪ್ಲೈ
ಹಳೆಯದೇ ಎಳೆಯಲಿ, ಮುದಿ ಕತ್ತೆಯ ಹಾಗೆ.
ಉಳಿದದ್ದು ಇದು: ಸೆಕೆಂಡ್‌ಹ್ಯಾಂಡ್, ಎರಡು ಫ್ಯಾನು,
ರೆಕ್ಕೆಗಳ ಸಂದಿಯಲ್ಲಿ ಯಾರದೋ ಧೂಳು.

"ಕ್ರಿಪ್ಟೋ ಗಣಿಯಲ್ಲಿ ದುಡಿದದ್ದಾ?" ಎಂದೆ.
ತೆಯೋಫಿಲೋ ತಲೆ ಕೆರೆದ.
"ಎರಡೇ ವರ್ಷ. ನೋಡಿ, ಎಷ್ಟು ಗಟ್ಟಿಮುಟ್ಟು."

ಅಪ್ಪನೂ ಸೆರ್ರೋದಿಂದ ಇಳಿದು ಬಂದಾಗ
ನೋಡಲು ಗಟ್ಟಿಮುಟ್ಟೇ.
ಮೆಟ್ಟಿಲು ಹತ್ತಿದಾಗಲೇ ಗೊತ್ತಾದದ್ದು.

ಮುನ್ನೂರ ತೊಂಬತ್ತಕ್ಕೆ ಇಳಿಸಿದ. ತಂದೆ.
ಬ್ರಷ್ಷಿನಿಂದ ಧೂಳು ಕೆಡವಿ
ಆಟದ ಸೆಟ್ಟಿಂಗು ಮಧ್ಯಮಕ್ಕೇ ಇಟ್ಟಿದ್ದೇನೆ:
ನೆರಳು ಕಡಿಮೆ, ನೀರಿನ ಮಿನುಗು ಕಡಿಮೆ.
ಅದು ಉಸಿರಾಡಲಿ.