ಹೇಮ

ಜುಲೈ ತಿಂಗಳು, ಲೆಸೊಥೊದ ಗುಡ್ಡಗಳ ಮೇಲೆ ಹಿಮ.
ಕ್ಲಿನಿಕ್ಕಿನ ಜೀಪು ನನ್ನನ್ನೂ ಸೂಟ್‌ಕೇಸನ್ನೂ ಇಳಿಸಿ
ಬಂದ ದಾರಿಯಲ್ಲೇ ಕುಲುಕುತ್ತ ಹೋಯಿತು.
ಮಪುಲೆಂಗ್ ನನಗೊಂದು ಕಂಬಳಿ ಹೊದೆಸಿ, ಪಿನ್ನು ಹಾಕಿ,
ಎರಡು ಹೆಜ್ಜೆ ಹಿಂದೆ ಸರಿದು ನೋಡಿ, ಮತ್ತೆ ಬಿಚ್ಚಿ,
ಗೆರೆಗಳು ನೆಟ್ಟಗೆ ನಿಲ್ಲುವಂತೆ ಹೊದೆಸಿದರು.
ಗೆರೆ ಅಡ್ಡವಾದರೆ ಹೊದ್ದವರು ಬೆಳೆಯುವುದಿಲ್ಲವಂತೆ.
ನನಗೆ ಇಪ್ಪತ್ಮೂರು. ಇನ್ನೇನು ಬೆಳೆಯಲಿ.

ಪಾಪಾ ಎಂದರೆ ಮೆಕ್ಕೆಜೋಳದ ಬಿಳಿ ಮುದ್ದೆ, ಪಕ್ಕದಲ್ಲಿ ಬೆಂದ ಸೊಪ್ಪು.
ಕೈಯಲ್ಲೇ ಮುರಿದು ಉಂಡದ್ದಕ್ಕೆ ಮನೆಯೆಲ್ಲ ನಕ್ಕಿತು.
ಹೋದ ವರ್ಷದ ಹುಡುಗ ಚಮಚ ಕೇಳಿದ್ದನಂತೆ.
ಅದರ ಹಿಂದಿನವಳು ಅಳುತ್ತಿದ್ದಳಂತೆ, ರಾತ್ರಿ, ಸದ್ದಾಗದ ಹಾಗೆ.
"ಗೋಡೆ ತೆಳು," ಎಂದರು ಮಪುಲೆಂಗ್, ಮುಂಗಡವಾಗಿ.

ನನಗೆ ಕೊಟ್ಟದ್ದು ಅವರ ಮಗಳ ಮಂಚ.
ಪುಲೆಂಗ್ ಮಸೇರುವಿನಲ್ಲಿ ಜೀನ್ಸಿಗೆ ಜಿಪ್ ಹೊಲಿಯುತ್ತಾಳೆ.
ಅವಳ ಮಗ ಲೆಬುಸಾ ಇಲ್ಲಿ. ಏಳು ವರ್ಷ.
ನನ್ನ ಸ್ಟೆಥಸ್ಕೋಪು ಎತ್ತಿಕೊಂಡು ಓಡಿ
ಕತ್ತೆಯ ಹೊಟ್ಟೆಗೆ ಒತ್ತಿ
ಒಳಗೆ ಇನ್ನೊಂದು ಕತ್ತೆ ಇದೆಯೆಂದು ಊರಿಗೆಲ್ಲ ಸಾರಿದ.
ಗಂಡು ಕತ್ತೆ.

ನ್ತಾತೆ ಸೆಖೋಬೆ
ಬಿಸಿಲು ಬಿದ್ದ ಗೋಡೆಗೆ ಕುರ್ಚಿ ಎಳೆದುಕೊಂಡು ಕೂರುವವರು,
ಮೂರನೆಯ ದಿನ ತಾವಾಗಿ ಅಂಗಿ ಬಿಚ್ಚಿದರು.
"ಬಾ, ಕಲಿ. ಎಲ್ಲರೂ ನನ್ನ ಮೇಲೇ ಕಲಿಯೋದು."
ಲೋಹ ತಣ್ಣಗಿತ್ತು; ಅಂಗೈಯಲ್ಲಿ ಉಜ್ಜಿದೆ.
ಅವರು ಕಾದರು. ಹಿಂದಿನವರಿಗೂ ಹೀಗೇ ಕಾದಿರಬೇಕು.
ಉಸಿರೆಳೆಯಿರಿ ಎನ್ನಬೇಕು, ಮಾತು ಗೊತ್ತಿಲ್ಲ.
ಬಾಯಿ ತೆರೆದು ತೋರಿಸಿದೆ, ಮೀನಿನ ಹಾಗೆ.
"ಹೇಮ," ಎಂದರು.
"ಹಾಗನ್ನು. ಹೇಮ."

ಅದು ನನ್ನ ಸೋದರತ್ತೆಯ ಹೆಸರು.
ನಗುತ್ತ ಹೇಳಿಬಿಟ್ಟೆ: ನನ್ನ ಭಾಷೆಯಲ್ಲಿ ಹಾಗಂದರೆ ಚಿನ್ನ.
ಮಪುಲೆಂಗ್ ಅದನ್ನು ಅವರಿಗೆ ದಾಟಿಸಿದರು, ಒಂದು ಕ್ಷಣ ತಡೆದು.
ಅವರೂ ನಕ್ಕರು. ನಗು ಕೆಮ್ಮಾಯಿತು.
ಕೆಮ್ಮು ಮುಗಿಯುವ ತನಕ ಕೋಳಿಗಳೂ ದೂರ ನಿಂತವು.

ಗಡಿಯಾಚೆ, ನೆಲದ ಕೆಳಗೆ ಎರಡು ಕಿಲೋಮೀಟರು,
ಇಪ್ಪತ್ತೆರಡು ವರ್ಷ ಬಂಡೆಗೆ ಡ್ರಿಲ್ಲು ಹಿಡಿದವರು.
ಚಿನ್ನ ಕಣ್ಣಾರೆ ನೋಡಿದ್ದೀರಾ, ಎಂದೆ.
ಧೂಳು ನೋಡಿದ್ದೇನೆ, ಎಂದರು.

ಬೆನ್ನಿನ ಕೆಳಗೆ, ಎರಡೂ ಬದಿ.
ಪುಸ್ತಕದಲ್ಲಿದೆ: ಕಿವಿಯ ಹತ್ತಿರ ಕೂದಲೆಳೆ ಹೊಸೆದ ಸದ್ದು.
ಹೌದು, ಹಾಗೇ ಇತ್ತು. ನನಗೆ, ಹೇಳಲು ನಾಚಿಕೆ, ಖುಷಿಯಾಯಿತು.
ಮೊದಲ ಸಲ ಸರಿಯಾಗಿ ಕೇಳಿಸಿದ ಖುಷಿ.
ಅವರಿಗದು ತಿಳಿಯಿತು. "ಸಿಕ್ಕಿತಾ?" ಎಂದರು,
ಬಿದ್ದ ನಾಣ್ಯ ಹುಡುಕಿಕೊಟ್ಟವರ ಹಾಗೆ.

ಆಮೇಲೆ ಬಿಸ್ಕತ್ತಿನ ಡಬ್ಬಿಯಿಂದ ಒಂದು ಕಾಗದ.
ಗಣಿ ಬಿಟ್ಟ ದಿನದ ತಪಾಸಣೆ.
ಪೂರ್ತಿ ಹೆಸರು, ಅಪ್ಪನ ಹೆಸರು, ಊರು, ಕಂಪನಿಯ ನಂಬರು,
ಅಡಿಯಲ್ಲಿ ಮೊಹರು: ಶ್ವಾಸಕೋಶ ಸ್ವಚ್ಛ.
ಸಹಿ ಯಾವನೋ ಡಾಕ್ಟರದು,
ಮುಂದೆ ನನ್ನದೂ ಹೀಗೇ ಓದಲಾಗದ ಹಾಗೆ ಇರುತ್ತದೆ.

ನನ್ನ ಲಾಗ್‌ಬುಕ್ಕಿನಲ್ಲಿ ಬರೆದೆ:
ಹದಿನಾಲ್ಕನೆಯ ಕೇಸು. ಗಂಡಸು. ಅರವತ್ತೊಂದು.
ಎರಡೂ ಬುಡದಲ್ಲಿ ಚರಚರ.
ಇಣುಕಿದರು. "ನನ್ನ ಹೆಸರೆಲ್ಲಿ?"
ರೋಗಿಯ ಹೆಸರು ಬರೆಯಬಾರದು, ನಿಯಮ, ಎಂದೆ.
ನಿಮ್ಮ ಒಳ್ಳೆಯದಕ್ಕೇ, ಎಂದೂ ಸೇರಿಸಿದೆ.
ಡಬ್ಬಿಯ ಕಾಗದ ಒಂದು ತೊಡೆಯ ಮೇಲೆ, ನನ್ನ ಪುಸ್ತಕ ಇನ್ನೊಂದರ ಮೇಲೆ,
ಹಾಗೇ ಕೂತರು, ನೆರಳು ಕುರ್ಚಿಯ ಕಾಲಿಗೆ ಬರುವ ತನಕ.
"ಇದರಲ್ಲಿ ನಾನಿದ್ದೇನೆ, ಕಾಯಿಲೆಯಿಲ್ಲ.
ಇದರಲ್ಲಿ ಕಾಯಿಲೆಯಿದೆ."
ಅಂಗಿ ತೊಟ್ಟರು. ಒಂದು ಗುಂಡಿ ತಪ್ಪು ಕಾಜಕ್ಕೆ ಹೋಯಿತು.
ನಾನು ಹೇಳಲಿಲ್ಲ.

ರಾತ್ರಿ ಗೋಡೆ ತೆಳು.
ಕೆಮ್ಮು, ಮಪುಲೆಂಗರ ಚಪ್ಪಲಿ, ನೀರಿನ ಲೋಟ.
ಮೊಬೈಲಿನ ಬೆಳಕಲ್ಲಿ ನಿಮಿಷ ಹಿಡಿದು ಉಸಿರೆಣಿಸಿದೆ: ಇಪ್ಪತ್ತೆಂಟು.
ಮತ್ತೆ ಎಣಿಸಿದೆ.
ಎಣಿಸುವುದು ಬಿಟ್ಟೆ.
ಹೇಮ, ಎಂದೆ ಮೆಲ್ಲಗೆ, ಗೋಡೆಗೆ ಮುಖ ಮಾಡಿ.
ಹೇಮ, ನ್ತಾತೆ.

ಆಚೆಯಿಂದ ಲೆಬುಸಾನ ನಿದ್ದೆಗಣ್ಣಿನ ದನಿ:
"ತಾತ ಅದನ್ನೇ ಮಾಡ್ತಿದ್ದಾನೆ. ನೀನು ಮಲಕ್ಕೋ."