ತಿದಿ

ತಪಸ್ಸುಕಾಲದ ಮೂರನೇ ಶುಕ್ರವಾರ
ಶಿಲುಬೆಯ ಹಾದಿ ಪೂರ್ತಿ ಮುಗಿಸದೆ
ಪ್ರಭು ಉಸಿರು ಬಿಡುವ ಹನ್ನೆರಡನೇ ಸ್ಥಳದಲ್ಲೇ ಎದ್ದು
ಅಮ್ಮತ್ತಿಯಿಂದ ಗೋಣಿಕೊಪ್ಪಕ್ಕೆ ಸಿನಿಮಾ ನೋಡಲು ಹೋದೆ.
ಇದನ್ನು ಮೊದಲೇ ಹೇಳಿಬಿಡುತ್ತೇನೆ.
ಮಿಕ್ಕಿದ್ದು ಪಾಪವೋ ಅಲ್ಲವೋ ನನಗೂ ಗೊತ್ತಿಲ್ಲ.

ತಂಗಿ ಮಗಳು ಜೆಸಿಂತಾ ಟಿಕೆಟ್ ತೆಗೆದಿದ್ದಳು.
“ಆರ್ಗನ್ ನುಡಿಸುತ್ತಿದ್ದವನ ನಿಜವಾದ ಕಥೆ ದೊಡ್ಡಮ್ಮ,
ನಮ್ಮವರೇ.”

ಪರದೆಯ ಮೇಲೆ ಹುಡುಗ. ಬಡವ. ದೊಡ್ಡ ಕಣ್ಣು.
ಇಗರ್ಜಿಯ ಅಟ್ಟದಲ್ಲಿ ಆರ್ಗನ್ ಮುಟ್ಟಿದ್ದೇ ತಡ
ಬಣ್ಣದ ಗಾಜಿನಿಂದ ಬೆಳಕು ಸುರಿಯಿತು,
ಪಾದ್ರಿ ಬಂದು ಕೆನ್ನೆಗೆ ಬಾರಿಸಿದ.
ಸಿನಿಮಾದ ಪಾದ್ರಿಗೆ ಎರಡೇ ಕೆಲಸ,
ಒಂದೋ ಹೊಡೆಯಬೇಕು, ಇಲ್ಲ ಮಳೆಯಲ್ಲಿ ಹೂಳಬೇಕು.
ನಮ್ಮ ಫಾದರಿಗೆ ಸರ್ಟಿಫಿಕೇಟಿಗೆ ಸೀಲು ಹಾಕುವುದರಲ್ಲೇ
ಅರ್ಧ ದಿನ ಹೋಗುತ್ತದೆ.

ಆಮೇಲೆ ಮದರಾಸು, ಮೈಕು, ಬಾಟಲಿ, ಎರಡನೇ ಹೆಂಡತಿ.
ನಟನ ಬೆರಳು ಒಂದು ಕಡೆ, ಸ್ವರ ಇನ್ನೊಂದು ಕಡೆ.
ಎಡಗೈಯಲ್ಲಿ ಶಿಲುಬೆ ಗುರುತು ಹಾಕಿಕೊಂಡ.
ಜೆಸಿಂತಾ ಅತ್ತಳು. ನಾನು ಅಳಲಿಲ್ಲ,
ಹುಡುಕುತ್ತಿದ್ದೆ.
ಅಷ್ಟು ದೊಡ್ಡ ಆರ್ಗನ್ನು ಊದುತ್ತಿದೆಯಲ್ಲ,
ಹಿಂದೆ ನಿಂತು ತಿದಿ ಒತ್ತುವವರು ಯಾರು?

ಯಾಕೆ ಕೇಳಿದೆನೆಂದರೆ, ಅದು ನಾನು.

ಯಾವನೋ ಪ್ಲಾಂಟರ್ ಬಿಟ್ಟುಹೋದ ಆರ್ಗನ್.
ಪೆಡಲನ್ನು ಗೆದ್ದಲು ತಿಂದಿತ್ತು.
ಬೆನ್ನಿಗೊಂದು ಹಲಸಿನ ಹಿಡಿಕೆ ಜೋಡಿಸಿ
ಒಂಬತ್ತನೇ ವಯಸ್ಸಿಗೆ ನನ್ನನ್ನು ಅಲ್ಲಿ ನಿಲ್ಲಿಸಿದರು.
ಎಂಟು ವರ್ಷ ಇನಾಸ್ ಮೇಸ್ಟ್ರು ನುಡಿಸಿದರು, ನಾನು ಒತ್ತಿದೆ.
ಒಂದು ಸಂದಿಯಲ್ಲಿ ಅವರ ಹೆಗಲಷ್ಟೇ ಕಾಣುತ್ತಿತ್ತು,
ಬೆವರಿಗೆ ಕಪ್ಪಾದ ಕೋಟು, ಕಾಲರಿನ ಮೇಲೆ ಹೊಟ್ಟು.
ಅವರೂ ಕುಡಿಯುತ್ತಿದ್ದರು.
ಕಾಫಿ ಕುಯ್ಲಿನ ಲೆಕ್ಕದ ಪುಸ್ತಕದ ಹಿಂಬದಿಯಲ್ಲಿ
ಪೆನ್ಸಿಲಿನಲ್ಲಿ ಸ್ವರ ಬರೆದಿಟ್ಟರು.
ಯಾರೂ ಸಿನಿಮಾ ತೆಗೆಯಲಿಲ್ಲ.

ನನ್ನನ್ನು ಒಮ್ಮೆಯೂ ಸೆಲೆಸ್ತಿನ್ ಎಂದು ಕರೆದವರಲ್ಲ.
“ಗಾಳಿ!” ಎನ್ನುತ್ತಿದ್ದರು. ಅಷ್ಟೇ.

ಹದಿನೇಳರ ಈಸ್ಟರ್ ಜಾಗರಣೆ.
ನಲವತ್ತು ದಿನ ಸುಮ್ಮನಿದ್ದ ಆರ್ಗನ್
ಗ್ಲೋರಿಯಾಕ್ಕೆ ಬಾಯಿ ತೆರೆಯುವ ಹೊತ್ತು,
ಗಂಟೆಗಳೆಲ್ಲ ಒಟ್ಟಿಗೆ, ಹಾಡು ತುತ್ತತುದಿಗೆ,
ಆಗ ನಾನು ಬೇಕೆಂದೇ
ಕೈ ಬಿಟ್ಟೆ.
ಆರ್ಗನ್ ಗಬ್ಬದ ದನದ ಹಾಗೆ ನರಳಿ ನಿಂತಿತು.
ಮೇಸ್ಟ್ರು ತಿರುಗಿ ನೋಡಲಿಲ್ಲ. ಬೆರಳು ಓಡುತ್ತಲೇ ಇತ್ತು,
ಮನೆಗಳು ಟಕಟಕ, ಒಣ ಮರದ ಸದ್ದು.
ಜನ ಹಾಡುತ್ತಲೇ ಇದ್ದರು.
ಎಷ್ಟೋ ಫಾದರುಗಳು ಬದಲಾದರು,
ಇದನ್ನು ಯಾರ ಕಿವಿಗೂ ಹಾಕಿಲ್ಲ.

ಸಿನಿಮಾದ ಕೊನೆಗೆ ಅವನು ಸತ್ತ.
ಮೇಣದಬತ್ತಿ, ಬಿಳಿ ಬೆಳಕು, ಐವತ್ತು ವಯೊಲಿನು.
ದೇವರು ಕ್ಷಮಿಸಿದನೆಂದು ವಯೊಲಿನುಗಳೇ ತೀರ್ಮಾನಿಸಿದವು.
ಕ್ಷಮಿಸಿರಲಿ. ನನಗೂ ಬೇಕಾದ್ದು ಅದೇ.
ಆದರೆ ಇಷ್ಟು ಬೇಗವೆ? ಲೈಟು ಹಾಕುವ ಮೊದಲೆ?
ಅವನನ್ನು ಬಿಟ್ಟ ಹೆಂಡತಿಯನ್ನು ಒಂದು ಮಾತು ಕೇಳದೆ?

ಮೊಯ್ದುವಿನ ಜೀಪಿನಲ್ಲಿ ವಾಪಸು.
ಅವನಿಗೆ ರಂಜಾನು, ನನಗೆ ತಪಸ್ಸು.
ಉಳಿದಿದ್ದ ಎರಡು ಖರ್ಜೂರದಲ್ಲಿ ಒಂದು ಕೊಟ್ಟ.
ಹೂಮಳೆ ಬಿದ್ದು ಎಂಟನೇ ದಿನ,
ರೋಬಸ್ಟಾ ತೋಟವೆಲ್ಲ ಬಿಳಿ, ತಲೆ ಸಿಡಿಯುವಷ್ಟು ಪರಿಮಳ.
ತಿರುವಿನಲ್ಲಿ ಆನೆ.
ಮೊಯ್ದು ಇಂಜಿನ್ ಆರಿಸಿದ, ಲೈಟು ಆರಿಸಿದ.
ಜೆಸಿಂತಾ ಜಪಮಣಿ ಹಿಡಿದುಕೊಂಡಳು.
ಕತ್ತಲೆಯಲ್ಲಿ ಅದರ ಉಸಿರು ಕೇಳಿಸಿತು,
ಒಳಗೆ, ಹೊರಗೆ,
ಯಾರಿಗಾಗಿಯೂ ಅಲ್ಲದ ಹಾಗೆ.

ಎಷ್ಟು ಹೊತ್ತೋ.

“ಬಾಯಮ್ಮ,” ಮೊಯ್ದು ಪಿಸುಗುಟ್ಟಿದ,
“ಆ ಕಂಬಿ ಬಿಡಿ, ಕಿತ್ತು ಬರುತ್ತದೆ.”
ನೋಡುತ್ತೇನೆ, ನನ್ನ ಬಲಗೈ
ಸೀಟಿನ ಕಂಬಿಯನ್ನು ಮೇಲೆ ಕೆಳಗೆ, ಮೇಲೆ ಕೆಳಗೆ
ಒತ್ತುತ್ತಲೇ ಇತ್ತು.