ಮೂವತ್ತೊಂದು ಟಿಕೀಟು

ಊರಾಗ ಈಗ ಯಾರನ್ನರ ಕೇಳ್ರಿ,
ಆ ರಾತ್ರಿ ನಾವು ಅಲ್ಲೇ ಇದ್ವಿ ಅಂತಾರ.
ಟಾಂಗಾಕೂಟದ ಬಳಿಗಾರ,
ಬೆಟಗೇರಿಯಾಗ ನೂಲಿಗೆ ಬಣ್ಣಾ ಹಾಕೂ ಚನ್ನಮಲ್ಲ,
ಆಗಿನ್ನೂ ಹುಟ್ಟಿರದ ಚನ್ನಮಲ್ಲನ ಮಗಾ ಸೈತ.
"ಮುಂದಿನ ಸಾಲಿನ್ಯಾಗ ಕುಂತಿದ್ವಿ,
ಆಕಿ ನಮ್ಮನ್ನ ನೋಡಿಕೋತನ ಅತ್ಲು."

ನಾ ಸುಮ್ಮನ ಗೋಣು ಹಾಕತೀನಿ.
ಗೇಟಿಗೆ ನಿಂತಾವ ನಾನು.
ಮುಳಗುಂದ ನಾಕಾದ ಆಚೆ ಬಯಲಾಗ
ತಗಡಿನ ಗ್ವಾಡಿ, ತ್ಯಾಪಿ ಹಚ್ಚಿದ ತಾಡಪತ್ರಿ,
ಮಧ್ಯಾಹ್ನ ಬಡದ ಗಾಳಿಗೆ ಒಂದು ಕಂಬ ವಾಲಿ
ಅದಕ್ಕ ಮಾಲಕರ ಹಳೇ ಧೋತರ ಬಿಗದಿದ್ವಿ.
ಮುಂದಿನ ಸಾಲಿಗೆ ಖುರ್ಚಿ ಹದಿನಾರು,
ಒಂದರದ್ದು ಕಾಲು ಮುರದಿತ್ತು.
ನಾ ಹರದ ಟಿಕೀಟು ಮೂವತ್ತೊಂದು.
ಮ್ಯಾಲೆ ಪೋಲೀಸರ ಪಾಸು ಎರಡು,
ಮತ್ತ ಒಬ್ಬಾಕಿ ಮುದುಕಿ, ಥಂಡಿಗೆ
ಒಳಗ ಮಲಗತೀನಪಾ ಅಂತ ಬಂದಾಕಿ.

ಆಗ ಆಕಿ ಹೆಸರು ಸಾವಂತ್ರಿ.
ಈಗಿನ ಹೆಸರು ನನ್ನ ನಾಲಿಗಿಗೆ ಹೊಳ್ಳೂದಿಲ್ಲ.
ಪಗಾರ ಎಂಬತ್ತು ಅಂತ ಬರೀತಿದ್ರು,
ನಲವತ್ತು ಕೊಡತಿದ್ರು.
ನಾಯಕಿ ಜ್ವರ ಬಂದು ಹಾಸಿಗಿ ಹಿಡದಳಂತ
ನಾಯಕಿ ಸೀರಿ ಈಕಿಗೆ ಉಡಿಸಿದ್ರು.
ಗಿಡ್ಡಾಕಿ. ನಾಕು ಪಿನ್ನಿಗೂ ನೆರಿಗಿ ನಿಲ್ಲಲಿಲ್ಲ.
ಗೇಟಿಗೆ ಓಡಿ ಬಂದ್ಲು, ಬಾಯಾಗ ಬದನಿಕಾಯಿ ಬಜಿ,
"ಮೌಲಾಕಾಕಾ, ಇನ್ನೊಂದು ಪಿನ್ನು."
ಟಿಕೀಟಿನ ಕಟ್ಟಿಗೆ ಚುಚ್ಚಿದ್ದು ಕಿತ್ತು ಕೊಟ್ಟೆ.
ಎಣ್ಣಿ ಕೈ ಪರದೇಕ್ಕ ಒರಸಿ ಒಳಗ ಹೋದ್ಲು.

ನಾ ಕಂಡದ್ದು ಇಷ್ಟ.
ಉಳದದ್ದು ಕಂಡಿಲ್ಲ. ಇದನ್ನ ಯಾರಿಗೂ ಹೇಳಿಲ್ಲ.
ಗೇಟಿನವನ ಮಾರಿ ರಸ್ತೇಕ್ಕ, ಬೆನ್ನು ರಂಗಕ್ಕ.
ತಡಾ ಮಾಡಿ ಬರೂ ಗಿರಾಕಿ ಸಲುವಾಗಿ
ಇಪ್ಪತ್ತಾರು ವರ್ಷ ಕತ್ತಲ ಬಯಲು ನೋಡೀನಿ.
ಬೆನ್ನಿಲೆ ಕೇಳೀನಿ ನಾಟಕ:
ಅತ್ತಿ ಬೈದದ್ದು, ಹಾಸ್ಯದವ ಬಿದ್ದದ್ದು,
ಕಾಲಪೆಟಗಿಯ ಒಂದು ಮನಿ ಒಡದು ಗೊರಗೊರ ಅಂದದ್ದು.
ಮಂದಿ ನಕ್ಕರ ಬೆನ್ನು ಬೆಚ್ಚಗ,
ಎದ್ದು ಹೊಂಟ್ರ ಥಣ್ಣಗ.

ಮೂರನೇ ಅಂಕ.
ಗಂಡನ ಹೆಣದ ಮುಂದ ಅಳೂದು,
ಬರದದ್ದು ಅರ್ಧ ಪುಟ ಮಾತು, ಒಂದು ಹಾಡು.
ಆಕಿ ಗಂಟಲಾ ಸರಿ ಮಾಡಿಕೊಂಡ್ಲು, ಸಣ್ಣಗ,
ಗಡಿಗ್ಯಾಗ ತಂಬಿಗಿ ಮುಳುಗಿಸಿದಂಗ.
ಆಮ್ಯಾಲೆ ಏನೂ ಇಲ್ಲ.
ಮರತ್ಲು ಅಂತ ಸೈಡಿನವ ಪಿಸುಗುಟ್ಟಿದ,
ಎರಡು ಸಲ, ಮೂರು ಸಲ.
ಪೆಟಗಿ ಮಾಸ್ತರ ಸುರಾ ಹಿಡದ, ಬಿಟ್ಟ.
ಹೆಣಾ ಆಗಿ ಮಲಗಿದ್ದ ಯಂಕೋಸಾ ಕೆಮ್ಮಿದ.
ಯಾರೂ ನಗಲಿಲ್ಲ.
ಮುದುಕಿಗೆ ಎಚ್ಚರಾಗಿ "ಕುಂದರ ನನ್ನವ್ವಾ, ಕುಂದರ" ಅಂದ್ಲು.
ರಂಗದ ಮ್ಯಾಲಿಂದ ಆಕಿ,
"ಹೂಂ. ಕುಂದರತೀನಿ."

ಅಷ್ಟ. ಹಾಡಲಿಲ್ಲ.
ನನ್ನ ಬೆನ್ನಿಗೆ ಕೆಂಡಾ ಹಿಡದಂಗಾತು.
ತಿರಗಬೇಕಿತ್ತು.
ಅಷ್ಟರಾಗ ಇಬ್ಬರು ಕುಡದವರು ಬಂದ್ರು,
ನಾಟಕ ಅರ್ಧಾ ಮುಗದೈತಿ, ಅರ್ಧಾ ರೊಕ್ಕ ತಗೊ ಅಂತ.
ಜಗಳಾಡಿ ಕಳಿಸಿದೆ.
ಇಲ್ಲಂದ್ರ ಮೂವತ್ತಮೂರು ಆಕ್ಕಿತ್ತು.

ಹಾಡು ಬಿಟ್ಟಾಳಂತ ಮರುದಿನ
ಮಾಲಕರು ಆಕಿ ಪಗಾರ ಮುರದ್ರು.

ಹ್ವಾದ ವರ್ಷ ಬಂಗಾರದಂಗಡಿ ತೆರಿಯಾಕ ಬಂದ್ಲು.
ಸ್ಟೇಷನ್ ರೋಡು ಬಂದ್.
ಹಗ್ಗಾ ಹಿಡಿಯಾಕ ಮಂದಿ ಸಾಲದಕ್ಕ
ನನ್ನಂಥಾ ಮುದುಕನ್ನೂ ನಿಲ್ಲಿಸಿದ್ರು.
ಮಾರಿ ಗದ್ದಲಕ್ಕ, ಬೆನ್ನು ಆಕಿಗೆ.
ಮೈಕಿನ್ಯಾಗ ಬಂತು
ಗಡಿಗ್ಯಾಗ ತಂಬಿಗಿ ಮುಳುಗಿದ ಸಪ್ಪಳ.
ನಾ ಉಸಿರು ಹಿಡದೆ, ಮುಂದಿನ ಸುಮ್ಮನಕ್ಕ ತಯಾರಾದೆ.
"ನಮಸ್ಕಾರ ಗದಗ!" ಅಂದ್ಲು.
ಶಿಳ್ಳಿ ಬಿದ್ದವು.

ಚನ್ನಮಲ್ಲನ ಮಗಾ ಫೋನು ಎತ್ತಿ ಹಿಡದು
ನನ್ನ ಹೆಗಲ ಮ್ಯಾಲಿಂದ ಫೋಟೋ ತಗೀತಿದ್ದ.
"ಕಾಕಾ, ಅವತ್ತ ಆಕಿ ಖರೇನ ಹೆಂಗ ಅತ್ಲು?"
"ಮುಂದಿನ ಸಾಲಿನ್ಯಾಗ ಇದ್ದಿ ಹೌದಿಲ್ಲೋ,
ನೀನ ಹೇಳಪಾ" ಅಂದೆ.
ಹಗ್ಗಾ ಸಡ್ಲಾಗಿತ್ತು. ಜಗ್ಗಿ ಹಿಡದೆ.